‘ಇವತ್ತು ಇಲ್ಲ’ ಎನ್ನುವ ಅಡುಗೆಮನೆ

ಪತ್ರ: ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆವು. ಮೇ ತಿಂಗಳಲ್ಲೊಂದು ಭಾನುವಾರ ಅಳಿಯಂದಿರು ಕಾರಿನಲ್ಲಿ ಒಂದು ಗಂಟೆ ದೂರದ ಹಳ್ಳಿಯ ಪಬ್ಬಿಗೆ ಊಟಕ್ಕೆ ಕರೆದೊಯ್ದರು. ಒಟ್ಟು ಏಳೇ ಐಟಂ. ನನಗೆ ಬಂದದ್ದು ಬೆಣ್ಣೆ ಸವರಿದ ಆರು ಆಸ್ಪರಾಗಸ್ ಕಡ್ಡಿ, ಮೇಲೊಂದು ಮೊಟ್ಟೆ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ಬಿಲ್ಲು ನೋಡಿಯೇ ಹೊಟ್ಟೆ ತುಂಬಿತು. ಇದನ್ನೂ ಅಡುಗೆ ಅನ್ನಬೇಕೆ?
– ನಿವೃತ್ತ ಮೇಷ್ಟ್ರು, ದಾವಣಗೆರೆ

ಸಂಪಾದಕರ ಉತ್ತರ: ಮೇಷ್ಟ್ರೇ, ಬಿಲ್ಲಿನ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಪೌಂಡನ್ನು ರೂಪಾಯಿಗೆ ಗುಣಿಸುತ್ತಾ ಉಣ್ಣಲು ಕೂತರೆ ಅಮೃತವೂ ಗಂಟಲಲ್ಲಿ ಇಳಿಯದು. ಊರಿನ ರೈತ ಬಿಯರ್ ಕುಡಿಯುತ್ತಿದ್ದ ಬೆಂಚಿನ ಮೇಲೆ ‘ರಿಸರ್ವ್ಡ್’ ಚೀಟಿ ಕಂಡರೆ ನನಗೂ ಕಸಿವಿಸಿ. ಇಷ್ಟು ಒಪ್ಪಿಕೊಂಡೆ. ಇನ್ನು ಜಗಳ.

‘ಏಳೇ’ ಎಂದಿದ್ದೀರಲ್ಲ, ಆ ದೀರ್ಘ ನನ್ನನ್ನು ಎರಡು ದಿನ ಚುಚ್ಚಿತು. ಅಲ್ಲಿನ ಆಸ್ಪರಾಗಸ್, ಅಂದರೆ ನಮ್ಮ ಶತಾವರಿಯ ದಾಯಾದಿ, ವಾಡಿಕೆಯಂತೆ ಏಪ್ರಿಲ್ 23ರ ಸಂತ ಜಾರ್ಜನ ದಿನಕ್ಕೆ ಶುರುವಾಗಿ ಜೂನ್ ಮೂರನೇ ವಾರಕ್ಕೆ ಮುಗಿಯುತ್ತದೆ. ಎಂಟೇ ವಾರ. ಇದ್ದದ್ದನ್ನು ಇದ್ದಾಗ ನಿಮ್ಮ ತಟ್ಟೆಗೆ ಹಾಕಿದ್ದಾರೆ. ನೀವು ಕಡ್ಡಿ ಎಣಿಸಿದ್ದೀರಿ!

ಆ ದೇಶದ ಊಟದ ಪಾಡು ನೆನಪಿಸಿಕೊಳ್ಳಿ. 1940ರಲ್ಲಿ ಶುರುವಾದ ಯುದ್ಧಕಾಲದ ರೇಷನ್ ಮಿತಿಯನ್ನು ಮಾಂಸದ ಮೇಲಿಂದ ತೆಗೆದದ್ದು 1954ರ ಜುಲೈನಲ್ಲಿ. ಒಂದು ತಲೆಮಾರು ಮೊಟ್ಟೆಯನ್ನು ಪುಡಿಯ ರೂಪದಲ್ಲಿ ಕಂಡೇ ಬೆಳೆಯಿತು. ಆಮೇಲೂ ಎಷ್ಟೋ ಪಬ್ಬುಗಳಲ್ಲಿ ತಿನ್ನಲು ಸಿಗುತ್ತಿದ್ದದ್ದು ಚಿಪ್ಸು, ವಿನೆಗರಿನಲ್ಲಿ ನೆನೆಸಿದ ಮೊಟ್ಟೆ. ಬಿಯರ್ ತಯಾರಿಸುವ ದೊಡ್ಡ ಬ್ರೂವರಿಗಳು ಸಾವಿರಾರು ಪಬ್ಬುಗಳನ್ನು ಹಿಡಿದಿಟ್ಟುಕೊಳ್ಳುವುದಕ್ಕೆ 1989ರ ಸರ್ಕಾರಿ ಆದೇಶ ಕಡಿವಾಣ ಹಾಕಿತು, ಪಬ್ಬುಗಳು ಹೊಸಬರ ಕೈಗೂ ಸಿಗತೊಡಗಿದವು. 1991ರಲ್ಲಿ ಇಬ್ಬರು ಸೇರಿ ಲಂಡನ್ನಿನ ಫ್ಯಾರಿಂಗ್ಡನ್ ರಸ್ತೆಯಲ್ಲಿ ‘ಈಗಲ್’ ಎಂಬ ಪಬ್ ಹಿಡಿದರು. ಕೌಂಟರಿನ ಹಿಂದೆಯೇ ಒಲೆ, ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆನು. ಗಾಳಿ ಹಳ್ಳಿಗಳಿಗೂ ಬೀಸಿತು. ಹತ್ತು ವರ್ಷದಲ್ಲಿ ಹೆರೆಫರ್ಡ್‌ಷೈರಿನ ಟಿಟ್ಲಿ ಎಂಬ ಪುಟ್ಟ ಊರಿನ ಪಬ್ಬಿಗೆ, ಒಳ್ಳೆಯ ಅಡುಗೆಗೆ ಕೊಡುವ ಹೆಸರಾಂತ ಮಿಶೆಲಿನ್ ಸ್ಟಾರ್ ಬಂತು. ಉಪ್ಪಿಲ್ಲ ಎಂದಿರಲ್ಲ, ಕೆಂಟ್ ಕರಾವಳಿಯ ಸೀಸಾಲ್ಟರಿನಲ್ಲಿ ‘ಸ್ಪೋರ್ಟ್ಸ್‌ಮನ್’ ಪಬ್ಬಿನ ಸ್ಟೀಫನ್ ಹ್ಯಾರಿಸ್ ಸಮುದ್ರದ ನೀರು ತಂದು ಕುದಿಸಿ, ಉಪ್ಪನ್ನು ತಾವೇ ತೆಗೆಯುತ್ತಾರೆ. ಬೆಣ್ಣೆಯೂ ಅಲ್ಲೇ ಕಡೆದದ್ದು.

ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಸುತ್ತಿನ ರುಬಾರ್ಬ್ ಎಂಬ ಹುಳಿ ದಂಟಿನ ಕಥೆ ಇನ್ನೂ ಚೆಂದ. ಗಡ್ಡೆ ಎರಡು ವರ್ಷ ಹೊಲದಲ್ಲಿ ಚಳಿ ತಿನ್ನಬೇಕು. ಆಮೇಲೆ ಬೆಳಕೇ ಬೀಳದ ಕೊಟ್ಟಿಗೆಗೆ ತಂದು ಬೆಚ್ಚಗಿಡುತ್ತಾರೆ. ಕತ್ತಲಲ್ಲಿ ಗುಲಾಬಿ ದಂಟು ಸರಸರ ಏಳುತ್ತದೆ. ಮೊಗ್ಗು ಬಿರಿಯುವ ಸದ್ದು ಕಿವಿಗೇ ಕೇಳಿಸುತ್ತದಂತೆ. ಕೊಯ್ಯುವುದು ಮೇಣದಬತ್ತಿಯ ಬೆಳಕಿನಲ್ಲಿ, ಬೆಳಕು ಹೆಚ್ಚಾದರೆ ದಂಟು ಬಲಿತೀತೆಂದು. ಹುಳಿ ಬೇಕಿದ್ದರೆ ನೀವು ಫೆಬ್ರವರಿಯಲ್ಲಿ ಹೋಗಬೇಕಿತ್ತು.

ನಾನೂ ಒಮ್ಮೆ ಕೆಂಟಿನ ಹಳ್ಳಿಯೊಂದರ ಪಬ್ಬಿನಲ್ಲಿ ಉಂಡಿದ್ದೇನೆ. ಕೆಸರು ಬೂಟಿನ ಮುದುಕ, ಅವನ ಕಾಲಬುಡದಲ್ಲಿ ನಾಯಿ. ಬೋರ್ಡಿನ ಮೂರನೇ ಸಾಲನ್ನು ಆಸೆಯಿಂದ ಓದುತ್ತಿದ್ದೆ. ಬಡಿಸುವ ಹುಡುಗಿ ಬಂದು, ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಿಂದ ಆ ಸಾಲನ್ನೇ ಒರೆಸಿಬಿಟ್ಟಳು. “ಕೊನೆಯ ಕಟ್ಟು ಈಗಷ್ಟೇ ಕಿಟಕಿ ಟೇಬಲಿಗೆ ಹೋಯಿತು” ಎಂದಳು. ಅವಳ ಮುಖದಲ್ಲಿ ಸಂಕೋಚ ಇರಲಿಲ್ಲ, ಮೇಷ್ಟ್ರೇ. ಅದನ್ನು ನಾನು ಮರೆತಿಲ್ಲ.

ನಮ್ಮಲ್ಲಿ? ಹೆದ್ದಾರಿಯ ಹೋಟೆಲಿಗೆ ಹೋಗಿ. ಪ್ಲಾಸ್ಟಿಕ್ ಹೊದಿಸಿದ ಹನ್ನೆರಡು ಪುಟದ ಮೆನು. ಪಂಜಾಬಿನಿಂದ ಚೀನಾದವರೆಗೆ ಯಾವ ಹೊತ್ತಿಗೆ ಕೇಳಿದರೂ ‘ಇದೆ ಸಾರ್’. ಎಲ್ಲದಕ್ಕೂ ಒಂದೇ ಕೆಂಪು ಗ್ರೇವಿ. ಮದುವೆ ಮನೆಯಲ್ಲಿ ಐವತ್ತು ಬಗೆ, ಅರ್ಧ ಎಲೆ ತಿಪ್ಪೆಗೆ. ಇಬ್ಬನಿ ಬಿದ್ದ ಮೇಲೆ ಬರುತ್ತಿದ್ದ ಅವರೆಕಾಯಿ ಈಗ ಜುಲೈಯಲ್ಲೂ ಸಿಗುತ್ತದೆ. ಮೂಸಿ ನೋಡಿ, ಸೊಗಡೇ ಇಲ್ಲ. ನಿಮ್ಮ ತಾಯಿ ಶ್ರಾವಣದಲ್ಲಿ ಹಿತಕಿದ ಬೇಳೆ ಸಾರು ಮಾಡುತ್ತಿದ್ದರೇ? ಕೇಳಿದರೆ ಬೈಯುತ್ತಿದ್ದರು.

ಅಳಿಯಂದಿರಿಗೆ ಒಂದು ಥ್ಯಾಂಕ್ಸ್ ಹೇಳಿಬಿಡಿ. ಇಷ್ಟೆಲ್ಲ ಬರೆದವನ ಚೀಲದಲ್ಲೂ ಆವತ್ತು ಚಟ್ನಿಪುಡಿ ಪೊಟ್ಟಣ ಇತ್ತು. ಆಲೂಗಡ್ಡೆಗೆ ಚಿಟಿಕೆ ಉದುರಿಸಿಕೊಂಡೆ. ಮುದುಕನ ನಾಯಿ ಎದ್ದು ಬಂದು ಮೂಸಿ, ಸೀನಿ, ವಾಪಸು ಹೋಯಿತು.