ಹಳೇ ಗ್ಯಾಸ್ ಪಂಪ್ ಗುರುತು ಹಿಡಿಯೋದು: ಬಣ್ಣ ಬಿಡಿ, ಬಾಡಿ ನೋಡಿ (ಓದುಗರ ಪ್ರಶ್ನೆ, ನಮ್ಮ ಉತ್ತರ)

ಅಮೆರಿಕದವರು ಗ್ಯಾಸ್ ಪಂಪ್ ಅನ್ನೋ ಹಳೇ ಪೆಟ್ರೋಲ್ ಪಂಪ್‌ಗಳನ್ನ ಹುಡುಕಿ ತಂದು ಕೂಡಿಡೋ ಹವ್ಯಾಸದ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ಸರ್, ನಾನು ಇರೋದು ಇಂಡಿಯಾನಾದ ಫೋರ್ಟ್ ವೇನ್ ಹತ್ರ. ಇಲ್ಲಿ ಹಳೇ ಪಂಪ್ ಇಟ್ಕೊಂಡಿರೋ ಅಮೆರಿಕನ್ ಗೆಳೆಯರ ಜೊತೆ ಸೇರಿ, ಪಂಪ್ ನೋಡಿದ ತಕ್ಷಣ ಯಾವ ಕಂಪನಿ ಯಾವ ಮಾಡೆಲ್ ಅಂತ ಗುರುತು ಹಿಡಿಯೋಕೆ ಒಂದು ಗೈಡ್ ಮಾಡ್ಬೇಕು ಅಂತಿದೀವಿ. ಫೋಟೋಗಳು ರಾಶಿ ಇವೆ. ಕಂಪನಿ ಪ್ರಕಾರ ಜೋಡಿಸ್ಬೇಕಾ, ಇಸವಿ ಪ್ರಕಾರನಾ?

ಉತ್ತರ: ಎರಡೂ ಬೇಡ, ಮೊದಲು ಆಕಾರದ ಪ್ರಕಾರ ಜೋಡಿಸಿ. ಯಾಕೆ ಅಂದ್ರೆ ನಿಮ್ಮ ಗೈಡ್ ತೆಗೆದು ನೋಡೋ ಮನುಷ್ಯನ ಮುಂದೆ ಒಂದು ತುಕ್ಕು ಹಿಡಿದ ಪೆಟ್ಟಿಗೆ ನಿಂತಿರತ್ತೆ, ಅದರ ಕಂಪನಿ ಯಾವುದು ಅಂತ ಗೊತ್ತಿದ್ದಿದ್ರೆ ಅವನಿಗೆ ಗೈಡೇ ಬೇಕಿರ್ತಿರ್ಲಿಲ್ಲ, ಇಸವಿ ಅಂತೂ ಗೊತ್ತಿರೋದೇ ಇಲ್ಲ. ಆದ್ರೆ ತಲೆ ಮೇಲೆ ದೊಡ್ಡ ಗಾಜಿನ ಕೊಳವೆ ಇದೆಯಾ, ಗಡಿಯಾರದ ಥರ ಮುಳ್ಳು ಇದೆಯಾ, ಅಂಕಿ ತಿರುಗೋ ಚಕ್ರ ಇದೆಯಾ ಅನ್ನೋದು ಯಾರ ಕಣ್ಣಿಗಾದ್ರೂ ಕಾಣತ್ತೆ. ಅಲ್ಲಿಂದ ಶುರು ಮಾಡಿ.

ಕಾಲದ ಸಾಲು ಸ್ಥೂಲವಾಗಿ ಹೀಗಿದೆ. ನಿಮ್ಮೂರಲ್ಲೇ ಸಿಲ್ವೇನಸ್ ಬೌಸರ್ ಅನ್ನೋರು 1885ರಲ್ಲಿ ಕಿರಾಣಿ ಅಂಗಡಿಗೆ ಸೀಮೆಎಣ್ಣೆ ಅಳೆದು ಕೊಡೋ ಕೈಪಂಪ್ ಮಾಡಿ ಮಾರಿದ್ರು, ಕಾರು ಬಂದ್ಮೇಲೆ ಅದೇ ಕೆಲಸ ಪೆಟ್ರೋಲ್‌ಗೆ ತಿರುಗ್ತು. ಆ ಮೊದಲ ಪಂಪ್‌ಗಳಲ್ಲಿ ಎಣ್ಣೆ ಕಣ್ಣಿಗೆ ಕಾಣ್ತಿರ್ಲಿಲ್ಲ. ಆಮೇಲೆ 1910ರ ದಶಕದಿಂದ 20ರ ದಶಕದ ಉದ್ದಕ್ಕೂ ಗಾಜಿನ ಕೊಳವೆಯ ವಿಸಿಬಲ್ ಪಂಪ್, 20ರ ದಶಕದ ಕೊನೆ ಹೊತ್ತಿಗೆ ಮುಳ್ಳು ತಿರುಗೋ ಕ್ಲಾಕ್ ಫೇಸ್, 30ರ ದಶಕದ ಮೊದಲ ಭಾಗದಲ್ಲಿ ಗ್ಯಾಲನ್ ಜೊತೆಗೆ ದುಡ್ಡಿನ ಲೆಕ್ಕಾನೂ ತೋರಿಸೋ ಕಂಪ್ಯೂಟಿಂಗ್ ಪಂಪ್. ಒಂದು ಬಂದ ದಿನವೇ ಇನ್ನೊಂದು ಹೋಗ್ಲಿಲ್ಲ ಅನ್ನೋದನ್ನ ಗೈಡ್‌ನಲ್ಲಿ ದೊಡ್ಡದಾಗಿ ಬರೀರಿ. ಹಳ್ಳಿ ಕಡೆ ಕರೆಂಟ್ ಇಲ್ಲದ ಜಾಗದಲ್ಲಿ ಕೈಯಲ್ಲಿ ಎಳೆಯೋ ಪಂಪ್ ಬಹಳ ವರ್ಷ ಉಳೀತು, ಅದಕ್ಕೇ ಆಕಾರ ನೋಡಿ ಇಸವಿ ಹೇಳೋಕೆ ಹೋಗ್ಬಾರ್ದು, ದಶಕ ಹೇಳಿದ್ರೆ ಸಾಕು.

ಇನ್ನು ಪ್ರತಿ ಮಾಡೆಲ್‌ಗೂ ಏನೇನು ಬರೀಬೇಕು ಅಂದ್ರೆ, ಎತ್ತರ, ಅಗಲ, ಆಳ ಟೇಪ್ ಹಿಡಿದು ಅಳೆದು ಬರೀರಿ. ಟೊಕೈಮ್ 39 ಅನ್ನೋ ಮಾಡೆಲ್ ಎತ್ತರದ್ದೂ ಇದೆ, ಗಿಡ್ಡದ್ದೂ ಇದೆ, ನಂಬರ್ ಎರಡಕ್ಕೂ ಒಂದೇ, ಸುಮ್ನೆ 39 ಅಂತ ಬರೆದು ಬಿಟ್ರೆ ಬಾಗಿಲಿನ ತಗಡು ಬೇಕು ಅಂತ ತರಿಸಿಕೊಂಡೋರು ಅದನ್ನ ಕೂರಿಸೋಕಾಗದೆ ಒದ್ದಾಡ್ತಾರೆ. ಆಮೇಲೆ ನಾಝಲ್ ಯಾವ ಕಡೆ ನೇತಾಡತ್ತೆ, ಮುಂದೆನಾ ಪಕ್ಕದಲ್ಲಾ, ಪೆಟ್ರೋಲ್ ಹರಿಯೋದು ಕಾಣೋ ಪುಟ್ಟ ಗಾಜು ಎಲ್ಲಿದೆ, ಬಾಗಿಲು ಎಷ್ಟು, ಬೀಗ ಎಲ್ಲಿ, ತಳದ ಬೋಲ್ಟ್ ತೂತುಗಳ ನಡುವೆ ಅಂತರ ಎಷ್ಟು. ಈ ಕೊನೇದನ್ನ ಯಾರೂ ಬರೆಯಲ್ಲ, ಆದ್ರೆ ಮೇಲಿನ ಎಲ್ಲಾ ತಗಡು ಬದಲಾಗಿದ್ರೂ ತಳದ ಚೌಕಟ್ಟು ಸಾಮಾನ್ಯವಾಗಿ ಹುಟ್ಟಿದ್ದೇ ಉಳಿದಿರತ್ತೆ. ಫೋಟೋ ಅಂದ್ರೆ ಮುಂದೆ ನಿಂತು ತೆಗೆದ ಒಂದು ಚಂದದ ಚಿತ್ರ ಸಾಲದು, ಎರಡು ಪಕ್ಕ, ಹಿಂದೆ, ತಳ, ಬಾಗಿಲು ತೆಗೆದು ಒಳಗಡೆ, ಎಲ್ಲದರಲ್ಲೂ ಒಂದು ಅಳತೆಪಟ್ಟಿ ಕಾಣೋ ಹಾಗೆ ಇಟ್ಟು ತೆಗೀರಿ.

ಬಣ್ಣ, ಕಂಪನಿ ಚಿಹ್ನೆ, ಗ್ಲೋಬ್ (ಪಂಪ್ ತಲೆ ಮೇಲೆ ಕೂರೋ, ಒಳಗೆ ಬಲ್ಬ್ ಉರಿಯೋ ಬುರುಡೆ) ಎಲ್ಲಾ ಕಟ್ಟಕಡೆಗೆ. ಟೆಕ್ಸಾಕೋ ಕೆಂಪು, ಮೊಬಿಲ್‌ನ ರೆಕ್ಕೆ ಕುದುರೆ ಜನಕ್ಕೆ ಇಷ್ಟ, ಹಾಗಾಗಿ ರಿಪೇರಿ ಮಾಡೋರು ಯಾವ ಪಂಪ್ ಸಿಕ್ಕಿದ್ರೂ ಅದನ್ನೇ ಬಳೀತಾರೆ. ಪಂಪ್ ಮಾಡಿದೋರು ಬೇರೆ, ಅದರಲ್ಲಿ ಎಣ್ಣೆ ಮಾರಿದೋರು ಬೇರೆ. ವೇನ್, ಟೊಕೈಮ್, ಬೆನೆಟ್, ಗಿಲ್ಬಾರ್ಕೋ, ಬೌಸರ್, ಫ್ರೈ, ಮಾರ್ಟಿನ್ ಅಂಡ್ ಶ್ವಾರ್ಟ್ಜ್ ಇವರೆಲ್ಲ ಮಾಡಿದೋರು. ಶೆಲ್, ಸಿಂಕ್ಲೇರ್, ಟೆಕ್ಸಾಕೋ ಮಾರಿದೋರು. ಗೈಡ್‌ನ ಮೊದಲ ಪುಟದಲ್ಲೇ ಇದನ್ನ ಹೇಳಿಬಿಡಿ.

ಮತ್ತೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸೋದು. ಪ್ರತಿ ಮಾಹಿತಿ ಪಕ್ಕ ಅದು ಎಲ್ಲಿಂದ ಬಂತು ಅಂತ ಒಂದು ಗುರುತು ಹಾಕಿ: ಪಂಪ್ ಮೇಲೆ ಕಣ್ಣಾರೆ ನೋಡಿದ್ದು, ಕಂಪನಿಯ ಹಳೇ ಕ್ಯಾಟಲಾಗ್‌ನಲ್ಲಿ ಓದಿದ್ದು, ಮಾರೋರು ಬಾಯಲ್ಲಿ ಹೇಳಿದ್ದು. ಮೂರನ್ನೂ ಕಲಸಿಬಿಟ್ರೆ, ಯಾರೋ ಬೆಲೆ ಏರಿಸೋಕೆ ಹೇಳಿದ ಇಸವಿ ನಾಳೆ ನಿಮ್ಮ ಗೈಡ್ ಹೆಸರಲ್ಲಿ ಸತ್ಯ ಆಗಿ ಕೂರತ್ತೆ, ಆಮೇಲೆ ಅದನ್ನ ಕೀಳೋಕೆ ಯಾರಿಂದಲೂ ಆಗಲ್ಲ.

ನಿಮ್ಮ ಜಾಗ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಬೌಸರ್ ಕಂಪನಿ ಫೋರ್ಟ್ ವೇನ್‌ನದ್ದು, 1891ರಲ್ಲಿ ಶುರುವಾದ ವೇನ್ ಆಯಿಲ್ ಟ್ಯಾಂಕ್ ಕಂಪನಿ ಅಲ್ಲಿಯದೇ, ಟೊಕೈಮ್ ಮೊದಲು ಅಯೋವಾದ ಸೀಡರ್ ರಾಪಿಡ್ಸ್‌ನಲ್ಲಿದ್ದು 1918ರಲ್ಲಿ ಫೋರ್ಟ್ ವೇನ್‌ಗೆ ಬಂತು. ಊರಿನ ಅಲೆನ್ ಕೌಂಟಿ ಪಬ್ಲಿಕ್ ಲೈಬ್ರರಿ ವಂಶಾವಳಿ ದಾಖಲೆಗಳಿಗೆ ದೇಶದಲ್ಲೇ ಹೆಸರುವಾಸಿ, ಅಲ್ಲಿ ಹಳೇ ಸಿಟಿ ಡೈರೆಕ್ಟರಿ ಕೇಳಿ ನೋಡಿ, ಯಾವ ವರ್ಷ ಯಾವ ಕಂಪನಿ ಯಾವ ಹೆಸರಲ್ಲಿ ಯಾವ ಬೀದಿಯಲ್ಲಿತ್ತು ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಆಧಾರ ಇಲ್ಲ.

ಪ್ರಶ್ನೆ: ಹೆಸರಿನ ಪ್ಲೇಟೇ ಕಿತ್ತುಹೋಗಿದ್ರೆ ಏನು ಮಾಡೋದು? ಒಂದು ಪಂಪ್ ಒಳಗಡೆ ವೀಡರ್ ರೂಟ್ ಅಂತ ಇದೆ, ಅದೇ ಕಂಪನಿ ಅಂತ ಬರ್ಕೊಳ್ಳಬಹುದಾ? (ಟೆಕ್ಸಾಸ್‌ನ ಆಸ್ಟಿನ್‌ನಿಂದ)

ಉತ್ತರ: ಬರ್ಕೊಳ್ಳಬೇಡಿ. ವೀಡರ್ ರೂಟ್ ಕನೆಟಿಕಟ್‌ನ ಹಾರ್ಟ್‌ಫರ್ಡ್‌ನ ಕಂಪನಿ, ಅವರು ಮಾಡ್ತಿದ್ದಿದ್ದು ಅಂಕಿ ತೋರಿಸೋ ಯಂತ್ರ ಮಾತ್ರ, ಅದನ್ನ ವೇನ್‌ನಿಂದ ಹಿಡಿದು ಹೆಚ್ಚುಕಮ್ಮಿ ಎಲ್ಲಾ ಪಂಪ್ ಕಂಪನಿಗಳೂ ಕೊಂಡು ತಮ್ಮ ಪೆಟ್ಟಿಗೆಯೊಳಗೆ ಕೂರಿಸ್ತಿದ್ರು. ಹಾಗಾಗಿ ಆ ಹೆಸರಿಂದ ಪಂಪ್ ಯಾರದ್ದು ಅಂತ ಗೊತ್ತಾಗಲ್ಲ, ಕಂಪ್ಯೂಟಿಂಗ್ ಪಂಪ್ ಅಂತ ಮಾತ್ರ ಗೊತ್ತಾಗತ್ತೆ.

ಆದ್ರೆ ಆ ಯಂತ್ರಾನ ಸ್ವಲ್ಪ ಹೊತ್ತು ಕೂತು ನೋಡಿ, ಬಹಳ ಚೆನ್ನಾಗಿದೆ. ಮೀಟರ್‌ನಿಂದ ಒಂದು ಕಡ್ಡಿ ಮೇಲಕ್ಕೆ ಬಂದು ತಿರುಗತ್ತೆ, ಅದರಿಂದ ಗ್ಯಾಲನ್ ಚಕ್ರ ನೇರವಾಗಿ ಓಡತ್ತೆ, ದುಡ್ಡಿನ ಚಕ್ರ ಮಾತ್ರ ಮೆಟ್ಟಿಲು ಮೆಟ್ಟಿಲಾದ ಹಲ್ಲುಚಕ್ರಗಳ ಒಂದು ಗೋಪುರದ ಮೂಲಕ ಓಡತ್ತೆ. ಪೆಟ್ರೋಲ್ ರೇಟ್ ಬದಲಾದ್ರೆ ಮೂರು ಸಣ್ಣ ಹಿಡಿಗಳನ್ನ ಬೇರೆ ಬೇರೆ ಮೆಟ್ಟಿಲಿಗೆ ಸರಿಸಿ ಕೂರಿಸಿದ್ರೆ ಆಯ್ತು. ಮೂರೇ ಅಂಕಿಗೆ ಜಾಗ ಇದ್ದಿದ್ರಿಂದ ಗ್ಯಾಲನ್‌ಗೆ 99.9 ಸೆಂಟ್‌ಗಿಂತ ಮೇಲೆ ಹೋಗೋಕಾಗ್ತಿರ್ಲಿಲ್ಲ, 1979-80ರ ಹೊತ್ತಿಗೆ ರೇಟ್ ಒಂದು ಡಾಲರ್ ದಾಟಿದಾಗ ಎಷ್ಟೋ ಬಂಕ್‌ನೋರು ಅರ್ಧ ರೇಟ್ ಸೆಟ್ ಮಾಡಿ, ಬಂದ ಮೊತ್ತಾನ ಡಬಲ್ ಮಾಡಿ ದುಡ್ಡು ತಗೊಂಡ್ರು. ನಿಮ್ಮ ಪಂಪ್‌ನ ಗಾಜಿನ ಮೇಲೆ ಆ ಥರದ ಚೀಟಿ ಅಂಟಿದ್ದು ಉಳಿದಿದ್ರೆ ದಯವಿಟ್ಟು ಕೆರೀಬೇಡಿ, ಪಂಪ್ ಯಾವಾಗ ಹುಟ್ಟಿತು ಅಂತ ಅದು ಹೇಳಲ್ಲ, ಯಾವಾಗಿನವರೆಗೆ ದುಡೀತು ಅಂತ ಹೇಳತ್ತೆ.

ಪ್ಲೇಟ್ ಇಲ್ಲದಿದ್ರೆ ಎರಕದ ಭಾಗಗಳ ಮೇಲೆ ಕೈಯಾಡಿಸಿ. ಪಂಪಿಂಗ್ ಯೂನಿಟ್, ಮೀಟರ್ ಕವರ್, ಕೈಹಿಡಿಯ ತೋಳು, ಇವುಗಳಲ್ಲಿ ಎರಕ ಹೊಯ್ಯೋವಾಗಲೇ ಬಿದ್ದ ಪಾರ್ಟ್ ನಂಬರ್ ಇರತ್ತೆ, ಗ್ರೀಸ್ ಕೆಳಗೆ ಮುಚ್ಚಿಕೊಂಡಿರತ್ತೆ. ಪೇಟೆಂಟ್ ದಿನಾಂಕ ಸಿಕ್ಕಿದ್ರೆ ಅದನ್ನೇ ತಯಾರಾದ ದಿನ ಅಂದ್ಕೋಬೇಡಿ, ಅದಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಅರ್ಥ. ಪಂಪ್ ಮೇಲೆ ಹಾಕೋ ಟೆಕ್ಸಾಕೋ ಹೆಸರಿನ ಪಿಂಗಾಣಿ ತಗಡಿನ ಮೂಲೆಯಲ್ಲಿ ಸಣ್ಣಕ್ಷರದ ದಿನಾಂಕ ಇರತ್ತೆ, ಅದೂ ಆ ತಗಡಿನ ದಿನಾಂಕ, ಪಂಪ್‌ದಲ್ಲ. ಪ್ಲೇಟ್ ಸಿಕ್ಕೋರಿಗೆ ಹೆಸರೇ ಅರ್ಧ ಕಥೆ ಹೇಳತ್ತೆ: ಟೊಕೈಮ್ ಪ್ಲೇಟ್ ಮೇಲೆ ಸೀಡರ್ ರಾಪಿಡ್ಸ್ ಅಂತ ಇದ್ರೆ 1918ಕ್ಕಿಂತ ಹಿಂದಿನದು, ವೇನ್ ಆಯಿಲ್ ಟ್ಯಾಂಕ್ ಅಂಡ್ ಪಂಪ್ ಅಂತ ಇದ್ರೆ ಹಳೇದು, ಆಮೇಲೆ ವೇನ್ ಪಂಪ್ ಕಂಪನಿ, ಸಿಮಿಂಗ್ಟನ್ ವೇನ್ ಅಂತ ಇದ್ರೆ ಇನ್ನೂ ಈಚಿನದು. ಗಿಲ್ಬರ್ಟ್ ಅಂಡ್ ಬಾರ್ಕರ್ ಅನ್ನೋದು ಗಿಲ್ಬಾರ್ಕೋ ಕಂಪನಿಯ ಪೂರ್ತಿ ಹಳೇ ಹೆಸರು, ಮ್ಯಾಸಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಡೆಯದು.

ಒಂದು ಪಂಪ್‌ನ ತಳ, ಇನ್ನೊಂದರ ಬಾಗಿಲು, ಮತ್ತೊಂದರ ಡಯಲ್ ಸೇರಿಸಿ ನಿಲ್ಲಿಸಿರೋದೂ ಇರತ್ತೆ. ಒಳಗಡೆ ಮೂಲೆಗಳಲ್ಲಿ ಹಳೇ ಬಣ್ಣದ ಪದರ ಒಂದೇ ಇದೆಯಾ, ಬೋಲ್ಟ್ ಪಕ್ಕದಲ್ಲಿ ಉಪಯೋಗಿಸದ ಇನ್ನೊಂದು ತೂತು ಇದೆಯಾ ನೋಡಿ.

ಪ್ರಶ್ನೆ: ಗಾಜಿನ ಪಂಪ್‌ನಲ್ಲಿ ಅಂಕಿಗಳು ಮೇಲಿಂದ ಕೆಳಗೆ ಹೋಗ್ತವೆ, ಇದು ಉಲ್ಟಾ ಕೂರಿಸಿದ್ದಾ? (ಮೈಸೂರಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಇಲ್ಲಪ್ಪ, ಅದೇ ಸರಿ. ಪಕ್ಕದ ಉದ್ದ ಹಿಡಿಯನ್ನ ಹಿಂದೆ ಮುಂದೆ ಎಳೆದು ನೆಲದಡಿ ಟ್ಯಾಂಕ್‌ನಿಂದ ಪೆಟ್ರೋಲನ್ನ ಗಾಜಿಗೆ ತುಂಬ್ತಿದ್ರು, ಐದು ಗ್ಯಾಲನ್‌ದೂ ಇತ್ತು, ಹತ್ತರದೂ ಇತ್ತು. ತುಂಬಿ ಮೇಲೆ ಬಂದದ್ದು ಒಂದು ಕೊಳವೆ ಮೂಲಕ ವಾಪಸ್ ಟ್ಯಾಂಕ್‌ಗೆ ಹೋಗ್ತಿತ್ತು, ಹಾಗಾಗಿ ಪೂರ್ತಿ ಅಂದ್ರೆ ಪೂರ್ತಿ. ಆಮೇಲೆ ಮೋಟರ್ ಏನೂ ಇಲ್ಲ, ಪೈಪ್ ಬಿಟ್ರೆ ತನ್ನ ಭಾರಕ್ಕೆ ತಾನೇ ಕಾರಿಗೆ ಇಳೀತಿತ್ತು. ಎಷ್ಟು ಇಳೀತು ಅನ್ನೋದನ್ನ ಎಣಿಸ್ಬೇಕಲ್ಲ, ಅದಕ್ಕೇ ಒಂದು, ಎರಡು ಅಂತ ಮೇಲಿಂದ ಕೆಳಕ್ಕೆ. ಮುಚ್ಚಿದ ಪಂಪ್‌ನಲ್ಲಿ ಅಳತೆ ಸರಿ ಕೊಡ್ತಾರಾ, ಎಣ್ಣೆ ಶುದ್ಧ ಇದೆಯಾ ಅಂತ ಗಿರಾಕಿಗಳಿಗೆ ಅನುಮಾನ ಇತ್ತು, ಗಾಜು ಬಂದದ್ದು ಅದಕ್ಕೆ. ಗುರುತು ಹಿಡಿಯೋಕೆ ಬಹಳ ಸುಲಭವಾದದ್ದು ಫ್ರೈ ಕಂಪನಿಯ 117, ಸೊಂಟ ಸಣ್ಣಗಾಗಿ ಮೇಲೂ ಕೆಳಗೂ ದುಂಡಗಿರೋದ್ರಿಂದ ಸಂಗ್ರಹಕಾರರು ಅದನ್ನ ನಟಿ ಮೇ ವೆಸ್ಟ್ ಹೆಸರಿಂದ ಕರೀತಾರೆ.

ಪ್ರಶ್ನೆ: ಗ್ಲೋಬ್ ಅಸಲಿನಾ ನಕಲಾ ಹೇಗೆ ತಿಳಿಯೋದು? (ನ್ಯೂಜೆರ್ಸಿಯಿಂದ)

ಉತ್ತರ: ಗ್ಲೋಬ್‌ಗೆ ಬೇರೆಯದೇ ಗೈಡ್ ಬೇಕು, ಪಂಪ್ ಗೈಡ್ ಜೊತೆ ಬೆರೆಸಬೇಡಿ. ಮೊದಲಿನವು ಇಡೀ ಒಂದೇ ಗಾಜಿನಲ್ಲಿ ಊದಿ ಮಾಡಿದ ಹಾಲುಬಿಳುಪಿನವು, ಸ್ಟ್ಯಾಂಡರ್ಡ್ ಆಯಿಲ್‌ನ ಕಿರೀಟದ ಆಕಾರದ್ದು ಆ ಜಾತಿ. ಆಮೇಲಿನವು ನಡುವೆ ಒಂದು ಬಾಡಿ, ಎರಡು ಕಡೆ ಚಿತ್ರದ ಗಾಜು. ಬಾಡಿ ಲೋಹದ್ದಿರಬಹುದು, ಗಾಜಿನದ್ದಿರಬಹುದು, 30ರ ದಶಕದಿಂದ ಪ್ಲಾಸ್ಟಿಕ್‌ದೂ ಬಂತು. ಇತ್ತೀಚೆಗೆ ಹೊಸದಾಗಿ ಮಾಡಿದವು ಎಲ್ಲಾ ಕಡೆ ಸಿಗ್ತವೆ, ಹೊಸದು ಅಂತ ಹೇಳಿ ಮಾರಿದ್ರೆ ಅದರಲ್ಲಿ ತಪ್ಪೇನಿಲ್ಲ. ತಳದ ಅಂಚಿನಲ್ಲಿ ಪಂಪ್‌ನ ಪಟ್ಟಿ ಉಜ್ಜಿದ ಗುರುತು, ಒಳಗೆ ವರ್ಷಾನುಗಟ್ಟಲೆ ಬಲ್ಬಿನ ಶಾಖಕ್ಕೆ ಕೂತ ಧೂಳು, ಇವನ್ನ ನೋಡಿ. ಈಥೈಲ್ ಅಂತ ಬರೆದಿರೋ ಗ್ಲೋಬ್ 1923ಕ್ಕಿಂತ ಹಿಂದಿನದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಸೀಸ ಬೆರೆಸಿದ ಆ ಪೆಟ್ರೋಲ್ ಒಹಾಯೊದ ಡೇಟನ್‌ನಲ್ಲಿ ಮೊದಲು ಮಾರಾಟಕ್ಕೆ ಬಂದದ್ದೇ ಆ ವರ್ಷ. ಸೀಸದ ಮಾತು ಬಂತು ಅಂತ ಹೇಳ್ತೀನಿ, ಹಳೇ ಬಣ್ಣದಲ್ಲೂ ಸೀಸ ಇರತ್ತೆ, ಒಣಗಿದ್ದನ್ನ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬೇಡಿ, ಮಕ್ಕಳು ಓಡಾಡೋ ಗ್ಯಾರೇಜ್‌ನಲ್ಲಂತೂ ಖಂಡಿತ ಬೇಡ.

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಕಾಕಾನ ಗೋಡೌನಿನಾಗ ಬರ್ಮಾ ಶೆಲ್ ಬಣ್ಣದ ಒಂದು ಹಳೇ ಪಂಪ್ ಅದ. ಇದೂ ಅಮೆರಿಕಾದ್ದೇನ್ರಿ?

ಉತ್ತರ: ಇರಲಿಕ್ಕಿಲ್ಲ ಅನ್ಸತ್ತೆ. ಬ್ರಿಟಿಷ್ ಪಂಪ್‌ಗಳನ್ನ ಮೊದಲು ನೋಡಿ, ಏವ್ರಿ ಹಾರ್ಡಾಲ್, ಬೆಕ್‌ಮೀಟರ್ ಅನ್ನೋ ಹೆಸರು ಎಲ್ಲಾದ್ರೂ ಇದೆಯಾ ಹುಡುಕಿ. ಡಯಲ್ ಗ್ಯಾಲನ್‌ನಲ್ಲಿದ್ರೆ ಯಾವ ಗ್ಯಾಲನ್ ಅನ್ನೋದೇ ದೊಡ್ಡ ಸುಳಿವು, ನಮ್ಮಲ್ಲಿ ಇದ್ದ ಬ್ರಿಟಿಷ್ ಗ್ಯಾಲನ್ ಅಂದ್ರೆ 4.546 ಲೀಟರ್, ಅಮೆರಿಕದ್ದು 3.785. ಲೀಟರ್‌ನಲ್ಲಿದ್ರೆ ಒಂದೋ ಮೆಟ್ರಿಕ್ ಪದ್ಧತಿ ಬಂದ್ಮೇಲಿನ ಪಂಪ್, ಇಲ್ಲಾ ಹಳೇ ಪಂಪ್‌ಗೆ ಡಯಲ್ ಬದಲಾಯಿಸಿದ್ದು. ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ಜಾರಿ ಆಗ್ತಾ ಆಗ್ತಾ 60ರ ದಶಕದ ಮೊದಲ ವರ್ಷಗಳು ಬಂದ್ವು. ಬರ್ಮಾ ಶೆಲ್‌ನ ಸರ್ಕಾರ 1976ರಲ್ಲಿ ವಹಿಸಿಕೊಂಡು ಅದು ಭಾರತ್ ಪೆಟ್ರೋಲಿಯಂ ಆಯ್ತು, ಹಾಗಾಗಿ ಆ ಬಣ್ಣ ನಿಜವಾಗ್ಲೂ ಹಳೇದೇ ಆದ್ರೆ ಪಂಪ್ ಅದಕ್ಕೂ ಮುಂಚೆ ಕೆಲಸ ಮಾಡಿದ್ದು. ಮೀಟರ್ ಹತ್ರ ತಂತಿಗೆ ಒತ್ತಿದ ಸೀಸದ ಸೀಲ್ ಇದ್ರೆ ಕತ್ತರಿಸಬೇಡಿ, ಅಳತೆ ತೂಕದ ಇಲಾಖೆಯೋರು ಪರೀಕ್ಷೆ ಮಾಡಿ ಹಾಕಿದ್ದು ಅದು, ಮೇಲೆ ವರ್ಷದ ಗುರುತು ಸಿಗಬಹುದು. ಕಾಕಾಗೆ ಹೇಳಿ ಗುಜರಿಗೆ ಕೊಡದ ಹಾಗೆ ನೋಡ್ಕೊಳ್ರಿ, ಬಾಗಿಲು ತೆಗೆದು ಒಳಗಿನ ಫೋಟೋ, ಆ ಸೀಲಿನ ಫೋಟೋ ಎರಡನ್ನೂ ಕಳಿಸಿ, ಮುಂದಿನ ಸಂಚಿಕೆಗೆ ಅದನ್ನೇ ತಗೊಳ್ಳೋಣ.