ಆರ್ಕಿಡ್ ಬೀಜ ಹುಟ್ಟುತ್ತಿಲ್ಲವೇ? ತಾಯಿಗಿಡದ ಬುಡದ ಮಣ್ಣು ಕೊಡಿ

ಪ್ರಶ್ನೆ: ಸರ್, ನಾವು ಇಂಗ್ಲೆಂಡಿನ ಲೀಡ್ಸ್ ಹತ್ತಿರ ಇದ್ದೇವೆ. ನರ್ಸರಿಯಿಂದ ತಂದು ಹಿತ್ತಲಲ್ಲಿ ನೆಟ್ಟ ಕಾಮನ್ ಸ್ಪಾಟೆಡ್ ಆರ್ಕಿಡ್ ಚೆನ್ನಾಗಿ ಹೂ ಬಿಟ್ಟು ಕಾಯಿ ಕಟ್ಟಿತು. ಬೀಜ ತೆಗೆದು, ಅಂಗಡಿಯ ಸೀಡ್ ಕಂಪೋಸ್ಟ್ ತುಂಬಿದ ಟ್ರೇನಲ್ಲಿ ಉದುರಿಸಿದೆ. ವರ್ಷ ಆಗುತ್ತಾ ಬಂತು, ಒಂದೂ ಹುಟ್ಟಿಲ್ಲ. ಬೀಜವೇ ಜೊಳ್ಳಾ? ಊರಲ್ಲಿ ಅಮ್ಮ ಯಾವ ಬೀಜ ಎಸೆದರೂ ಹುಟ್ಟುತ್ತಿತ್ತು.

ಉತ್ತರ: ಜೊಳ್ಳು ಇರಲೂಬಹುದು, ಆದರೆ ನನಗೆ ಅನುಮಾನ ಇರುವುದು ನಿಮ್ಮ ಟ್ರೇ ಮೇಲೆ. ಅವರೆಯನ್ನೋ ಭತ್ತವನ್ನೋ ನೋಡಿ, ಮೊಳಕೆ ಬೇರೂರುವ ತನಕ ಬೇಕಾದ ಆಹಾರ ಕಾಳಿನೊಳಗೇ ಇರುತ್ತದೆ. ಆರ್ಕಿಡ್ ಬೀಜದಲ್ಲಿ ಅದು ಇಲ್ಲ. ಒಂದು ಕಾಯಿಯಲ್ಲಿ ಸಾವಿರಾರು ಬೀಜ, ಒಂದೊಂದೂ ಧೂಳಿನಷ್ಟು, ಒಳಗೆ ಬರೀ ಒಂದು ಚುಕ್ಕೆ ಭ್ರೂಣ. ಮಣ್ಣಿನಲ್ಲಿರುವ ಒಂದು ಬಗೆಯ ಶಿಲೀಂಧ್ರ ಆ ಬೀಜದೊಳಗೆ ಹೋಗಬೇಕು, ಅದು ತಂದುಕೊಡುವ ಆಹಾರ ತಿಂದೇ ಭ್ರೂಣ ಬೆಳೆಯಬೇಕು. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಇದನ್ನು ಕಂಡುಕೊಂಡರು. ಅದಕ್ಕೂ ಮುಂಚಿನ ತೋಟಗಾರರು ತಾಯಿಗಿಡದ ಬುಡದಲ್ಲೇ ಬೀಜ ಉದುರಿಸುತ್ತಿದ್ದರು. ಕೆಲವು ಹುಟ್ಟುತ್ತಿದ್ದವು, ಯಾಕೆ ಅಂತ ಮಾತ್ರ ಗೊತ್ತಿರಲಿಲ್ಲ. ಅಂಗಡಿಯ ಕಂಪೋಸ್ಟ್‌ನಲ್ಲಿ ಆ ಶಿಲೀಂಧ್ರ ಇರುತ್ತದೆ ಅನ್ನುವ ಭರವಸೆ ಇಲ್ಲ, ಜೊತೆಗೆ ಅದರಲ್ಲಿರುವ ಗೊಬ್ಬರ ಆರ್ಕಿಡ್ ಬೀಜಕ್ಕೆ ಜಾಸ್ತಿಯೇ.

ಮೊದಲು ಬೀಜ ಪರೀಕ್ಷೆ ಮಾಡಿ. ಉಳಿದಿದ್ದರೆ ಒಂದು ಚಿಟಿಕೆ ಬಿಳಿ ಕಾಗದದ ಮೇಲೆ ಹಾಕಿ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಸಾಕು. ಬಲೆಯಂಥ ತೆಳ್ಳನೆಯ ಸಿಪ್ಪೆಯ ನಡುವೆ ಗುಂಡಗೆ ಒಂದು ಗಾಢ ಚುಕ್ಕೆ ಕಂಡರೆ ಅದು ಗಟ್ಟಿ ಬೀಜ. ಸಿಪ್ಪೆ ಮಾತ್ರ ಇದ್ದರೆ ಜೊಳ್ಳು.

ಜೊಳ್ಳೇ ಜಾಸ್ತಿ ಇದ್ದರೆ ಮುಂದಿನ ಜೂನ್–ಜುಲೈನಲ್ಲಿ ಹೂ ಬಿಟ್ಟಾಗ ಪರಾಗಸ್ಪರ್ಶ ನೀವೇ ಮಾಡಿ. ಈ ಹೂವಿನಲ್ಲಿ ಮಕರಂದ ಇಲ್ಲ, ದುಂಬಿ ಮೋಸ ಹೋಗಿ ಬರಬೇಕು, ಎಲ್ಲಾ ಹೂವಿಗೂ ಬರುವುದಿಲ್ಲ. ಚೂಪು ಪೆನ್ಸಿಲ್ ತುದಿಯನ್ನು ಹೂವಿನ ಬಾಯಿಯಲ್ಲಿ, ಹಿಂದಿನ ಕೊಂಬಿನ ದಾರಿಗೆ ಮೆಲ್ಲಗೆ ತೂರಿಸಿ ಹೊರಗೆ ತೆಗೆಯಿರಿ. ಪರಾಗದ ಎರಡು ಪುಟ್ಟ ಗದೆಗಳು ಪೆನ್ಸಿಲ್‌ಗೆ ಅಂಟಿಕೊಂಡು ನೆಟ್ಟಗೆ ನಿಂತಿರುತ್ತವೆ. ಹಾಗೇ ನೋಡುತ್ತಾ ಇರಿ, ಸುಮಾರು ಅರ್ಧ ನಿಮಿಷದಲ್ಲಿ ಅವು ಮುಂದಕ್ಕೆ ಬಾಗುತ್ತವೆ. ಈಗ ಇನ್ನೊಂದು ಹೂವಿಗೆ, ಸಾಧ್ಯವಾದರೆ ಬೇರೆ ಗಿಡದ ಹೂವಿಗೆ, ತೂರಿಸಿದರೆ ಸರಿಯಾಗಿ ಶಲಾಕಾಗ್ರದ (ಪರಾಗ ಹಿಡಿದುಕೊಳ್ಳುವ ಅಂಟು ಜಾಗ) ಮೇಲೆ ಹೋಗಿ ಕೂರುತ್ತವೆ. ಬಾಗದೆ ಇದ್ದಿದ್ದರೆ ತಪ್ಪು ಜಾಗಕ್ಕೆ ತಗಲುತ್ತಿತ್ತು. ಡಾರ್ವಿನ್ ಕೂಡ ಇದನ್ನು ಪೆನ್ಸಿಲ್ ಹಿಡಿದೇ ನೋಡಿದ್ದರು. ಮನೆಯಲ್ಲಿ ಮಕ್ಕಳಿದ್ದರೆ ಖಂಡಿತ ತೋರಿಸಿ.

ಇನ್ನು ಬಿತ್ತನೆ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಇನ್ನೇನು ಬಿರಿಯಬೇಕು ಅನ್ನುವಾಗ, ಅಂದರೆ ಆಗಸ್ಟ್ ಕೊನೆ ಹೊತ್ತಿಗೆ, ಬಿಡಿಸಿ ಕಾಗದದ ಲಕೋಟೆಯಲ್ಲಿ ಒಣಗಿಸಿ. ಪ್ಲಾಸ್ಟಿಕ್ ಚೀಲ ಬೇಡ, ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮುಂದಿನ ವರ್ಷಕ್ಕೂ ಇರುತ್ತದೆ.

ಕುಂಡಕ್ಕೆ ತೋಟದ ಮಣ್ಣು, ದಪ್ಪ ಮರಳು, ಸ್ವಲ್ಪ ಕೊಳೆತ ಎಲೆ ಹಾಕಿ. ಅದರ ಮೇಲೆ ನಿಮ್ಮ ತಾಯಿಗಿಡದ ಬುಡದಿಂದ, ಗೆಡ್ಡೆಗೆ ಪೆಟ್ಟಾಗದ ಹಾಗೆ, ಒಂದು ಹಿಡಿ ಮಣ್ಣು ತೆಗೆದು ಹರಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಇದು. ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಪಾರ್ಸೆಲ್ ಬಾಕ್ಸಿನ ಪದರ ಪದರದ ರಟ್ಟು, ಟೇಪು, ಬಣ್ಣ ಇಲ್ಲದ್ದು, ಕುದಿಯುವ ನೀರಲ್ಲಿ ನೆನೆಸಿ, ತಣ್ಣಗಾದ ಮೇಲೆ ಕುಂಡದ ಬಾಯಿಯ ಅಳತೆಗೆ ಕತ್ತರಿಸಿ ಮಣ್ಣಿನ ಮೇಲೆ ಒತ್ತಿ. ಶಿಲೀಂಧ್ರಕ್ಕೆ ರಟ್ಟೇ ಊಟ. ಬೀಜವನ್ನು ಒಣ ಮರಳಲ್ಲಿ ಬೆರೆಸಿ ರಟ್ಟಿನ ಮೇಲೆ ತೆಳ್ಳಗೆ ಉದುರಿಸಿ, ಮುಚ್ಚಬೇಡಿ. ಕುಂಡ ಹೊರಗೆ ನೆರಳಲ್ಲೇ ಇರಲಿ, ಅಲ್ಲಿನ ಚಳಿ ಅದಕ್ಕೆ ಒಳ್ಳೆಯದೇ. ಮಳೆನೀರು ಕೊಡಿ, ರಟ್ಟು ಒಣಗಲು ಬಿಡಬೇಡಿ, ಸಿಂಬಳದ ಹುಳು (ಸ್ಲಗ್) ಬರದ ಹಾಗೆ ನೋಡಿಕೊಳ್ಳಿ. ಗೊಬ್ಬರ ಬೇಡವೇ ಬೇಡ. ಶಿಲೀಂಧ್ರನಾಶಕ ಅಂತೂ ಆ ಕಡೆ ಸುಳಿಯಲೇಬಾರದು.

ಮೊದಲು ಕಾಣುವುದು ಎಲೆ ಅಲ್ಲ. ರಟ್ಟಿನ ಮೇಲೆ, ಸಂದುಗಳಲ್ಲಿ, ಸಣ್ಣ ಸಣ್ಣ ಬಿಳಿ ಉಂಡೆಗಳು. ಬೂಸ್ಟು ಅಂತ ಒರೆಸಿ ಹಾಕುವವರಿದ್ದಾರೆ, ದಯವಿಟ್ಟು ಮುಟ್ಟಬೇಡಿ, ಅದೇ ನಿಮ್ಮ ಗಿಡ. ಆಮೇಲೆ ಹುಲ್ಲಿನಂಥ ಒಂದೇ ಎಲೆ ಬರುತ್ತದೆ. ಚಳಿಗಾಲಕ್ಕೆ ಅದೂ ಒಣಗುತ್ತದೆ, ಸತ್ತಿತು ಅಂತ ಕುಂಡ ಬರಿದು ಮಾಡಬೇಡಿ, ಮಣ್ಣೊಳಗೆ ಪುಟ್ಟ ಗೆಡ್ಡೆ ಇರುತ್ತದೆ. ಹೂವಿಗೆ ಮೂರರಿಂದ ಐದು ವರ್ಷ ಇಟ್ಟುಕೊಳ್ಳಿ.

ಸ್ವಲ್ಪ ಬೀಜವನ್ನು ತಾಯಿಗಿಡದ ಸುತ್ತ ಹುಲ್ಲಿನಲ್ಲೂ ಉದುರಿಸಿ. ಆ ಭಾಗದ ಹುಲ್ಲನ್ನು ಕಾಯಿ ಬಿರಿದು ಬೀಜ ಉದುರುವ ತನಕ ಕತ್ತರಿಸಬೇಡಿ. ನಿಮ್ಮ ಹಳೆಯ ಟ್ರೇಯನ್ನೂ ಎಸೆಯಬೇಡಿ, ಅದರ ಮೇಲೂ ಒಂದು ಹಿಡಿ ಬುಡದ ಮಣ್ಣು ಹಾಕಿ ಹೊರಗಿಡಿ, ಹೋಗುವುದೇನಿದೆ?

ಪ್ರಶ್ನೆ: ಅಡುಗೆಮನೆಯಲ್ಲೇ ಅಗರ್ (ಕಡಲಪಾಚಿಯಿಂದ ಮಾಡುವ ಜೆಲ್ಲಿ) ಕುದಿಸಿ ಬಾಟಲಿಯಲ್ಲಿ ಬೆಳೆಸುವ ವಿಡಿಯೋ ನೋಡಿದೆ. ಮಾಡಬಹುದಾ? ನಮ್ಮ ಯಾರ್ಕ್‌ಷೈರ್‌ನ ಲೇಡೀಸ್ ಸ್ಲಿಪ್ಪರ್ ಆರ್ಕಿಡ್ ಮೇಲೆ ಆಸೆ ಇದೆ. (ಅದೇ ಓದುಗರು)

ಉತ್ತರ: ಮಾಡಬಹುದು. ಸಕ್ಕರೆ ಹಾಕಿದ ಅಗರ್‌ನಲ್ಲಿ ಶಿಲೀಂಧ್ರವೇ ಇಲ್ಲದೆ ಮೊಳೆಸಬಹುದು ಅಂತ ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲೇ ತೋರಿಸಿದರು. ಕಷ್ಟ ಏನೆಂದರೆ, ಆ ಸಕ್ಕರೆ ಎಲ್ಲಾ ಬೂಸ್ಟಿಗೂ ಇಷ್ಟ. ಬೀಜವನ್ನು ಬ್ಲೀಚ್‌ನಲ್ಲಿ ತೊಳೆದು, ಬಾಟಲಿಯನ್ನು ಕುಕ್ಕರಿನಲ್ಲಿ ಬೇಯಿಸಿ, ಗಾಳಿ ಆಡದ ಪೆಟ್ಟಿಗೆಯೊಳಗೆ ಕೈ ತೂರಿಸಿ ಬಿತ್ತಬೇಕು. ಮೊದಲು ಕುಂಡದಲ್ಲಿ ಕೈ ಕುದುರಲಿ.

ಲೇಡೀಸ್ ಸ್ಲಿಪ್ಪರ್ ಬೇರೆಯೇ ಕಥೆ. ಜನ ಕಿತ್ತು ಕಿತ್ತು ಬ್ರಿಟನ್ನಿನ ಕಾಡಿನಲ್ಲಿ ಅದು ಒಂದೇ ಒಂದು ಗಿಡಕ್ಕೆ ಇಳಿದಿತ್ತು, ಅದೂ ನಿಮ್ಮ ಯಾರ್ಕ್‌ಷೈರ್‌ನಲ್ಲೇ. ಲಂಡನ್ನಿನ ಕ್ಯೂ ಸಸ್ಯೋದ್ಯಾನದವರು 1983ರಲ್ಲಿ ಶುರುವಾದ ಯೋಜನೆಯಲ್ಲಿ ಬೀಜದಿಂದ ಸಸಿ ಮಾಡಿ ಕಾಡಿಗೆ ವಾಪಸು ನೆಟ್ಟರು. ಇದು ಕಾನೂನಿನ ರಕ್ಷಣೆ ಇರುವ ಗಿಡ, ಕಾಡಿನಲ್ಲಿ ಕಂಡರೆ ಕಾಯಿಯನ್ನೂ ಮುಟ್ಟುವಂತಿಲ್ಲ. ನರ್ಸರಿಯಲ್ಲಿ ಬೀಜದಿಂದಲೇ ಬೆಳೆದ ಮಿಶ್ರತಳಿಗಳು ಸಿಗುತ್ತವೆ, ಅದನ್ನು ತನ್ನಿ.

ಪ್ರಶ್ನೆ: ನಮ್ಮದು ಶಿರಸಿ. ನೇರಳೆ ಹೂವಿನ ನೆಲ ಆರ್ಕಿಡ್ ಇದೆ. ಪಕ್ಕದ ಆಂಥೂರಿಯಂ ಕುಂಡದಲ್ಲಿ ನೆರಿಗೆ ಎಲೆಯ ಸಣ್ಣ ಸಸಿಗಳು ಎದ್ದಿವೆ. ಕಳೆಯಾ?

ಉತ್ತರ: ಕೀಳಬೇಡಿ! ನಿಮ್ಮದು ಸ್ಪ್ಯಾಥೋಗ್ಲೋಟಿಸ್ ಇರಬೇಕು. ಅದರಲ್ಲಿ ಎಷ್ಟೋ ಗಿಡ ತಾನೇ ಪರಾಗಸ್ಪರ್ಶ ಮಾಡಿಕೊಂಡು ಕಾಯಿ ಕಟ್ಟುತ್ತವೆ, ಬೀಜ ಗಾಳಿಯಲ್ಲಿ ಹಾರಿ ಹಸಿ ಇರುವ ಕುಂಡದಲ್ಲಿ ಕೂತು ಹುಟ್ಟುತ್ತದೆ. ಮೂರು ನಾಲ್ಕು ಎಲೆ ಆಗುವ ತನಕ ಅಲ್ಲೇ ಬಿಡಿ. ಆಮೇಲೆ ಬೇರು ಬಿಡಿಸದೆ ಮಣ್ಣಿನ ಗಡ್ಡೆ ಸಮೇತ ಎತ್ತಿ ಬೇರೆ ಕುಂಡಕ್ಕೆ ಹಾಕಿ. ನೀರು ನಿಲ್ಲಬಾರದು, ಅಷ್ಟೇ.

ಪ್ರಶ್ನೆ: ಆನ್‌ಲೈನ್‌ನಲ್ಲಿ ನೀಲಿ ಆರ್ಕಿಡ್ ಬೀಜದ ಪ್ಯಾಕೆಟ್ ತರಿಸಿದೆ. ಸಾಸಿವೆಯಷ್ಟು ಕಪ್ಪು ಬೀಜ ಬಂದಿದೆ. ಹೇಗೆ ಬಿತ್ತಲಿ?

ಉತ್ತರ: ಅದು ಆರ್ಕಿಡ್ ಅಲ್ಲ. ಬೆರಳಲ್ಲಿ ಒಂದೊಂದಾಗಿ ಎತ್ತಿಡುವಷ್ಟು ದಪ್ಪ ಬೀಜ ಆರ್ಕಿಡ್‌ದು ಇರುವುದಿಲ್ಲ. ದುಡ್ಡು ವಾಪಸು ಕೇಳಿ, ಆ ಬೀಜವನ್ನು ತೋಟಕ್ಕೆ ಹಾಕಬೇಡಿ, ಯಾವ ಕಳೆಯೋ ಏನೋ.