ಡಮ್ಮಿ ಲೋಡ್ ಹಾಕಿದರೆ ಆಂಪ್ಲಿಫೈಯರ್ ಸೇಫಾ?

ರಿಪೇರಿ ಮಾಡಿದ 100 ವ್ಯಾಟ್ ಮೈಕ್ ಸೆಟ್ ಆಂಪ್ಲಿಫೈಯರಿಗೆ ಹಾರ್ನ್ ಬದಲು 8 ಓಮ್ ಡಮ್ಮಿ ಲೋಡ್ (ಸದ್ದಿಲ್ಲದೆ ಪವರ್ ತಡೆಯುವ ದೊಡ್ಡ ರೆಸಿಸ್ಟರ್) ಹಾಕಿದರೆ ಸೇಫ್ ಅಲ್ವಾ, ಎಷ್ಟು ವ್ಯಾಟಿನದು ತಗೊಳ್ಳಲಿ ಅಂತ ಕೇಳಿದ್ದೀರಿ. ವ್ಯಾಟ್ ಆಮೇಲೆ. ಅದನ್ನು ಯಾವ ಸ್ಕ್ರೂಗೆ ಕಟ್ಟುತ್ತೀರಿ?

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನದೊಂದು ಚಿಕ್ಕ ರಿಪೇರಿ ಅಂಗಡಿ. ಒಂದು ವರ್ಷ ಗಣೇಶನ ಹಬ್ಬಕ್ಕೆ ಎರಡು ದಿನ ಇರುವಾಗ ಪಕ್ಕದ ಹಳ್ಳಿಯ ಹುಡುಗರು ಆಂಪ್ಲಿಫೈಯರ್ ತಂದರು. ವಾಲ್ಯೂಮ್ ಕಂಟ್ರೋಲ್ ಹೋಗಿತ್ತು, ಅಷ್ಟೇ. ಬದಲಾಯಿಸಿದೆ. ಹಾರ್ನ್ ಕೂಗಿಸಿದರೆ ಅಕ್ಕಪಕ್ಕದವರು ಬೈಯುತ್ತಾರೆ ಅಂತ 8 ಓಮ್ ಲೋಡ್ ತೆಗೆದುಕೊಂಡೆ. ಅವರ ಹಾರ್ನಿನ ವೈರ್ ತುಂಡು ಹಿಂದುಗಡೆ ಒಂದು ಸ್ಕ್ರೂನಲ್ಲಿ ಹಾಗೇ ಉಳಿದಿತ್ತು. ಅದನ್ನು ಬಿಚ್ಚಿ, ಅದೇ ಸ್ಕ್ರೂಗೆ ಲೋಡ್ ಕಟ್ಟಿದೆ.

ಅದು 100 ವೋಲ್ಟ್ ಲೈನಿನ ಸ್ಕ್ರೂ, ಅಂದರೆ ಉದ್ದ ವೈರ್ ಎಳೆದು ದೂರದ ಹಾರ್ನುಗಳಿಗೆ ಕೊಡುವುದು. ಇಂಥ ಆಂಪ್ಲಿಫೈಯರಿನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. 4, 8, 16 ಓಮ್, 70 ವೋಲ್ಟ್, 100 ವೋಲ್ಟ್ ಅಂತ ಒಂದೊಂದಕ್ಕೂ ಬೇರೆ ಸ್ಕ್ರೂ. 100 ವೋಲ್ಟಿನಲ್ಲಿ 100 ವ್ಯಾಟ್ ಅಂದರೆ 1 ಆಂಪಿಯರ್. ಅಲ್ಲಿಗೆ 100 ಓಮ್ ಲೋಡ್ ಬೇಕು. ನನ್ನ 8 ಓಮ್ ಅದೇ ವೋಲ್ಟೇಜಿಗೆ 12.5 ಆಂಪಿಯರ್ ಕೇಳುತ್ತದೆ. ಟ್ರಾನ್ಸಿಸ್ಟರುಗಳ ಪಾಲಿಗೆ ಅದು ಹೆಚ್ಚುಕಮ್ಮಿ ಶಾರ್ಟ್. ಹುಡುಗರ ಹಾರ್ನಿಗೆ ಆ 100 ವೋಲ್ಟನ್ನು ಇಳಿಸಿಕೊಡುವ ಲೈನ್ ಟ್ರಾನ್ಸ್‌ಫಾರ್ಮರ್ ಇದ್ದದ್ದರಿಂದ ಅಲ್ಲಿ ಏನೂ ಆಗುತ್ತಿರಲಿಲ್ಲ.

ಆಗ ಇದು ನನ್ನ ಗಮನಕ್ಕೆ ಬರಲಿಲ್ಲ. 8 ಓಮಿಗೆ 100 ವ್ಯಾಟ್ ಅಂದರೆ ಮೀಟರಿನಲ್ಲಿ 28 ವೋಲ್ಟ್ ಬರಬೇಕು. 12 ದಾಟಲಿಲ್ಲ. ವಾಲ್ಯೂಮ್ ಇನ್ನೂ ತಿರುಗಿಸಿದೆ. ಹಾರ್ನ್ ಆಗಿದ್ದರೆ ಸೌಂಡ್ ಒಡೆದು ಎಚ್ಚರವಾಗುತ್ತಿತ್ತು. ರೆಸಿಸ್ಟರ್ ಸದ್ದೇ ಮಾಡುವುದಿಲ್ಲ. ವಾಸನೆ ಬಂದಮೇಲೆ ಕವರ್ ತೆಗೆದೆ. ಎಮಿಟರ್ ರೆಸಿಸ್ಟರುಗಳ ಬಿಳಿ ಮೈ ಕಂದಾಗಿತ್ತು. ಔಟ್‌ಪುಟ್ ಟ್ರಾನ್ಸಿಸ್ಟರುಗಳು, 2ಎನ್3055, ನಾಲ್ಕೂ ಶಾರ್ಟ್. ಹಬ್ಬಕ್ಕೆ ನನ್ನ ದುಡ್ಡಿನಲ್ಲೇ ಬಾಡಿಗೆ ಆಂಪ್ಲಿಫೈಯರ್ ಕೊಡಿಸಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಪಾರ್ಟ್ಸ್ ತಂದೆ.

ಅದಕ್ಕೇ ಹೇಳುತ್ತೇನೆ, ಡಮ್ಮಿ ಲೋಡ್ ಹಾಕಿದ ಮಾತ್ರಕ್ಕೆ ಸೇಫ್ ಅಲ್ಲ. ಅದರಿಂದ ಉಳಿಯುವುದು ಹಾರ್ನು ಮತ್ತು ನಿಮ್ಮ ಕಿವಿ. ಆಂಪ್ಲಿಫೈಯರಿಗೆ ಬೇಕಾದ್ದು ಸೀರೀಸ್ ಬಲ್ಬ್. ಮೊದಲ ಸಲ ಕರೆಂಟ್ ಕೊಡುವಾಗ 100 ವ್ಯಾಟಿನ ಹಳೇ ಕಾಲದ ಬಲ್ಬ್ ಮೇನ್ಸ್ ವೈರಿನಲ್ಲಿ ಸೀರೀಸಿನಲ್ಲಿರಲಿ, ಎಲ್‌ಇಡಿ ಬೇಡ. ಒಮ್ಮೆ ಹೊಳೆದು ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಆಫ್ ಮಾಡಿ.

ಲೋಡಿಗೆ 8 ಓಮ್, 50 ವ್ಯಾಟಿನ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ನಾಲ್ಕು ತನ್ನಿ. ಎರಡೆರಡು ಸೀರೀಸ್ ಮಾಡಿ, ಆ ಜೋಡಿಗಳನ್ನು ಪ್ಯಾರಲಲ್ ಮಾಡಿ. ಮತ್ತೆ 8 ಓಮೇ ಬರುತ್ತದೆ, ಒಟ್ಟು 200 ವ್ಯಾಟ್. ಹೀಟ್‌ಸಿಂಕ್ ಪೇಸ್ಟ್ ಹಚ್ಚಿ, ಬಿಸಿ ಎಳೆದುಕೊಳ್ಳುವ ದಪ್ಪ ಹೀಟ್‌ಸಿಂಕಿಗೆ ಬಿಗಿಯಲೇಬೇಕು. ಸುಮ್ನೆ ಟೇಬಲ್ ಮೇಲಿಟ್ಟರೆ ಬರೆದಷ್ಟು ವ್ಯಾಟ್ ತಡೆಯುವುದಿಲ್ಲ. 8 ಓಮ್ ಅಂತ ಬರೆದ ಸ್ಕ್ರೂಗೇ ಅದನ್ನು ಕಟ್ಟಿ, ಮೊಬೈಲಿನಿಂದ 400 ಹರ್ಟ್ಸ್ ಟೋನ್ ಕೊಟ್ಟು ವಾಲ್ಯೂಮ್ ನಿಧಾನವಾಗಿ ಏರಿಸಿ. ವೋಲ್ಟೇಜ್ ಏರದಿದ್ದರೆ ಅಲ್ಲೇ ನಿಲ್ಲಿಸಿ.

ಈಗ ಎದ್ದು ಆಂಪ್ಲಿಫೈಯರ್ ಹಿಂದುಗಡೆ ನೋಡಿ. ಹಾರ್ನ್ ವೈರ್ ಯಾವ ಸ್ಕ್ರೂನಲ್ಲಿದೆ?